ಒಂಟೆಯ ಬಾಯಿ ಕಟ್ಟುತ್ತಿದ್ದವನು

ಗಲ್ಫಿನಲ್ಲಿದ್ದಾಗ, ಐನ್ ಖಾಲಿದ್ ಬಡಾವಣೆಯಲ್ಲಿ ನನ್ನ ಕೂದಲು ಕತ್ತರಿಸುತ್ತಿದ್ದ ಟರ್ಕಿಯವನು, ಕೊರಳಿಗೆ ಬಟ್ಟೆ ಕಟ್ಟಿದ ಮೇಲೆ ಗಂಟಿನೊಳಗೆ ಬೆರಳು ತೂರಿಸಿ ನೋಡುತ್ತಿದ್ದ. "ಬಿಗಿ ಆಯ್ತಾ?" ಎಂದು ಮುರುಕು ಹಿಂದಿಯಲ್ಲಿ ಎರಡೆರಡು ಸಲ ಕೇಳುತ್ತಿದ್ದ.

ಅವನ ಊರಲ್ಲಿ ಒಂಟೆಗಳ ಕುಸ್ತಿ ನಡೆಯುತ್ತದಂತೆ. ಕಚ್ಚಾಡದಂತೆ ಅವುಗಳ ಬಾಯಿಗೆ ಹಗ್ಗ ಕಟ್ಟುವ ಕೆಲಸ ಇವನದಾಗಿತ್ತು. ಒಮ್ಮೆ ಹಗ್ಗ ಮೂಗಿಗೇರಿ, ಒಂದು ಒಂಟೆ ಕಣದಲ್ಲೇ ಉಸಿರುಕಟ್ಟಿ ಸತ್ತಿತು.

ಸೂಕ್ ವಾಕಿಫ್ ಎಂಬ ಹಳೆಯ ಪೇಟೆಯನ್ನು ಹೊಸದಾಗಿ ಕಟ್ಟುತ್ತಿದ್ದ ವರ್ಷ, ಒಂದು ಶುಕ್ರವಾರ ಇಬ್ಬರೂ ಅಲ್ಲಿಗೆ ಹೋಗಿದ್ದೆವು. ಅಂಗಡಿಗಳ ಹಿಂದೆ ಮಲಗಿದ್ದ ಏಳೆಂಟು ಒಂಟೆಗಳು ಅವನು ಬಂದದ್ದೇ ಮೆಲುಕು ನಿಲ್ಲಿಸಿ, ಒಟ್ಟಿಗೆ ಕತ್ತು ತಿರುಗಿಸಿ ಅವನನ್ನೇ ನೋಡಿದವು.

"ಯಲ್ಲಾ, ಹೋಗುವ," ಎಂದು ನನ್ನ ತೋಳು ಹಿಡಿದ.

"ಅದು ಸತ್ತದ್ದು ನಿನ್ನ ಊರಲ್ಲಿ ಅಲ್ವಾ ಮಾರಾಯಾ?" ಎಂದೆ.

"ಹೌದು," ಎಂದ. "ಇವಕ್ಕೆ ಹೇಳಿದ್ದು ಯಾರು?"