ರಸೂಲ್ ಸಾಬರ ಪಾಲಿಶ್ ಬೋರ್ಡು

ಗುಲಾಮ್ ರಸೂಲ್ ಸಾಬರ ಬಲಭುಜಕ್ಕೆ ದಿನಾ ಬೆಳಿಗ್ಗೆ ಅವರಿಗಿಂತ ಅರ್ಧ ಗಂಟೆ ಮೊದಲೇ ಎಚ್ಚರವಾಗುತ್ತಿತ್ತು. ಅದು ಎದ್ದು, ಒಂದು ಸುತ್ತು ನೊಂದುಕೊಂಡು, ಆಮೇಲೆ ಸಾಬರನ್ನು ಎಬ್ಬಿಸುತ್ತಿತ್ತು. ಇಪ್ಪತ್ತಾರು ವರ್ಷ ಕಂಡವರ ಕಾರುಗಳ ಮೈ ಉಜ್ಜಿದ ಭುಜ ಅದು. ಅದಕ್ಕೂ ಮಾತು ಬಂದಿದ್ದರೆ ಯಾವತ್ತೋ ಕೆಲಸ ಬಿಟ್ಟು ಹೋಗುತ್ತಿತ್ತು.

ತಿಪಟೂರಿನ ಬಿ.ಎಚ್. ರಸ್ತೆಯ ಪಕ್ಕದಲ್ಲಿ ಸಾಬರ ತಗಡಿನ ಶೆಡ್ಡು. ಅದರ ನೆತ್ತಿಯ ಮೇಲೆ 'ರಸೂಲ್ ಕಾರ್ ಪಾಲಿಶ್, ಕನ್ನಡಿಯಂಥ ಹೊಳಪು' ಎಂಬ ಬೋರ್ಡು. ಬಿಸಿಲಿಗೆ 'ಕನ್ನಡಿ' ಪೂರಾ ಮಾಸಿಹೋಗಿ 'ಯಂಥ ಹೊಳಪು' ಮಾತ್ರ ಉಳಿದಿತ್ತು. ಊರಿನ ಕಾರುಗಳ ಬಣ್ಣ ಕಾಪಾಡಿದ ಮನುಷ್ಯನಿಗೆ ತನ್ನ ಬೋರ್ಡಿನ ಬಣ್ಣ ಕಾಪಾಡಿಕೊಳ್ಳಲು ಪುರುಸೊತ್ತಾಗಿರಲಿಲ್ಲ.

"ಆ ಪಾಲಿಶ್ ಮಿಷಿನ್ನ ನೀವು ಹಿಡ್ಕಂಡಿದೀರೋ, ಅದೇ ನಿಮ್ಮನ್ನ ಹಿಡ್ಕಂಡೈತೋ ಗೊತ್ತಾಗ್ತಿಲ್ಲ ಕಣ್ರೀ," ಎನ್ನುತ್ತಿದ್ದಳು ಹೆಂಡತಿ ಅಜೀಮುನ್ನೀಸಾ, ಭುಜಕ್ಕೆ ನೋವಿನ ಮುಲಾಮು ತಿಕ್ಕುತ್ತ. "ಇಳಿಸಿಬುಡಿ ಆ ಬೋರ್ಡು."

"ಈ ವರ್ಷ ಒಂದು ಕಳೀಲಿ," ಎನ್ನುತ್ತಿದ್ದರು ಸಾಬರು. ಐದು ವರ್ಷದಿಂದ ಆ ಒಂದು ವರ್ಷ ಕಳೆಯುತ್ತಲೇ ಇತ್ತು.

ಹೀಗಿರುವಾಗ ಬಿಳಿಗೆರೆಯ ದೊಡ್ಡಣ್ಣನವರು ಕಾರು ತಂದರು. ಅರವತ್ತೈದು ದಾಟಿದ ತೆಂಗಿನ ತೋಟದ ಯಜಮಾನರು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಲೋಕವೆಲ್ಲ ಹೊಸದಾಗಿ ಕಂಡು, ಅದೇ ಹುರುಪಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರೊಂದನ್ನು ತಗೊಂಡಿದ್ದರು. ಕಡುಗಪ್ಪು ಬಣ್ಣದ್ದು.

ಸಾಬರು ಕಾರನ್ನು ಒಂದು ಸುತ್ತು ಹಾಕಿ ನಿಟ್ಟುಸಿರು ಬಿಟ್ಟರು. "ಯಜಮಾನ್ರೇ, ತೆಂಗಿನ ತೋಟದೋರು ಕರಿ ಕಾರು ತಗೋಬಾರ್ದು. ಹೊಂಬಾಳೆ ಉದುರ್ತದೆ, ಹಕ್ಕಿ ಹಿಕ್ಕೆ ಹಾಕ್ತದೆ, ಎಲ್ಲಾ ಎದ್ದು ಕಾಣ್ತದೆ."

"ತಗಂಡಾಗೋಯ್ತಲ್ಲ. ಈಗೇನು ಸುಣ್ಣ ಹೊಡ್ಸಾಕಾಯ್ತದಾ? ಏನಾದ್ರೂ ಹಚ್ಚಿ ಕೊಡ್ರಿ. ಏನೇನೈತೆ ನಿಮ್ತಾವ?"

ಸಾಬರು ಎಲ್ಲ ಗಿರಾಕಿಗಳಿಗೂ ಹೇಳುವುದನ್ನೇ ಹೇಳಿದರು. "ವ್ಯಾಕ್ಸು ಅಂತೈತೆ, ಮೇಣ. ಅದು ಹಬ್ಬಕ್ಕೆ ಬಂದ ನೆಂಟನಂಗೆ. ಇರೋಷ್ಟು ದಿನ ಮನೆಗೆ ಕಳೆ, ತಿಂಗ್ಳೊಪ್ಪತ್ನಾಗೆ ಹೊಂಟೋಯ್ತದೆ. ಸೀಲೆಂಟು ಅಂತೈತೆ. ಅದು ಮನೆ ಅಳಿಯ. ಕಳೆ ಒಂಚೂರು ಕಮ್ಮಿ, ಆದ್ರೆ ಹೋಗು ಅಂದ್ರೂ ಹೋಗಲ್ಲ. ಬಿಸ್ಲು, ಮಳೆ, ದೂಳು ಎಲ್ಲಾ ತಡೀತದೆ."

"ಅಳಿಯನ್ನೇ ಹಾಕಿ," ಎಂದರು ದೊಡ್ಡಣ್ಣ.

ಮಾತು ಅಲ್ಲಿಗೇ ಮುಗಿದಿದ್ದರೆ ಸಾಬರ ಪಾಡಿಗೆ ಸಾಬರು ಇರುತ್ತಿದ್ದರು. ಆದರೆ ಶೆಡ್ಡಿನ ಪಕ್ಕದಲ್ಲೇ ಗಂಗಯ್ಯನ ಟೀ ಅಂಗಡಿ ಇತ್ತು. ಅವತ್ತು ಕೊಬ್ಬರಿ ಹರಾಜಿನ ದಿನವಾದ್ದರಿಂದ ಬೆಂಚಿನ ತುಂಬ ಜನವೂ ಇದ್ದರು. ರಸ್ತೆಯಾಚೆ ಹೊಸದಾಗಿ ಒಂದು ಗಾಜಿನ ಅಂಗಡಿ ಆಗಿತ್ತು. ಅಲ್ಲಿ ಕಾರುಗಳನ್ನು ಒಳರೋಗಿಗಳ ಹಾಗೆ ದೀಪದಡಿ ಮಲಗಿಸಿ ಏನೇನೋ ಲೇಪಿಸುತ್ತಿದ್ದರು.

"ಸಾಬ್ರೇ," ಎಂದ ಗಂಗಯ್ಯ, ಟೀ ಎತ್ತಿ ಸುರಿಯುತ್ತ. "ಎದುರ್ಗಡೆಯೋರು ಐದು ವರ್ಷ ಗ್ಯಾರಂಟಿ ಅಂತ ಬರ್ದವ್ರೆ. ನಿಮ್ದೆಷ್ಟು, ಐದು ದಿನಾನ?"

ಬೆಂಚು ನಕ್ಕಿತು. ಸಾಬರಿಗೆ ಬೆಳಗಿನಿಂದ ಭುಜ ನೋಯುತ್ತಿತ್ತು. ಭುಜ ನೋಯುವಾಗ ಮನುಷ್ಯ ಬಾಯಿ ತೆರೆಯಬಾರದು, ಅವರು ತೆರೆದರು. "ಒಂದು ವರ್ಷದೊಳ್ಗೆ ಈ ಕಾರಿನ ಮೇಲೆ ನೀರು ಮುತ್ತಾಗಿ ಉರುಳ್ದೆ ಬಳ್ಕಂಡು ನಿಂತ್ರೆ, ನಾನೇ ಏಣಿ ಹಾಕಿ ನನ್ ಬೋರ್ಡು ಇಳಿಸ್ತೀನಿ."

ಬೋರ್ಡು ಇಳಿಸುವುದು ಬೇರೆ, ಇಳಿಸುವ ಹಾಗೆ ಆಗುವುದು ಬೇರೆ. ಮೊದಲನೆಯದನ್ನು ಸಾಬರು ಐದು ವರ್ಷದಿಂದ ಬಯಸಿದ್ದರು. ಎರಡನೆಯದನ್ನು ನೆನೆಸಿಕೊಂಡು ಆ ಮಧ್ಯಾಹ್ನ ಅವರಿಗೆ ಅನ್ನ ಸೇರಲಿಲ್ಲ.

ಮೂರು ದಿನ ಕೆಲಸ ಮಾಡಿದರು. ತೊಳೆದರು. ಬಣ್ಣದೊಳಕ್ಕೆ ಕಚ್ಚಿಕೊಂಡ ಕಸವನ್ನು ಜೇಡಿಮಣ್ಣಿನಂಥ ಮುದ್ದೆಯಿಂದ ಎತ್ತಿದರು. ತಿರುಗುವ ಮಿಷಿನ್ನು ಹಿಡಿದು ಹಳೆಯ ಗೀರುಗಳನ್ನು ಪಾಲಿಶಿನಲ್ಲಿ ಕರಗಿಸಿದರು. ಸ್ಪಿರಿಟ್ಟಿನಿಂದ ಒರೆಸಿ ಜಿಡ್ಡು ತೆಗೆದರು, ಯಾಕೆಂದರೆ ಜಿಡ್ಡಿನ ಮೇಲೆ ಸೀಲೆಂಟು ಹಿಡಿಯುವುದಿಲ್ಲ. ಆಮೇಲೆ ತೆಳ್ಳಗೆ ಸೀಲೆಂಟು ಸವರಿ, ಮಬ್ಬು ಕಟ್ಟಿದ ಮೇಲೆ ಮೆತ್ತನೆ ಬಟ್ಟೆಯಲ್ಲಿ ಒರೆಸಿದರು. ಬಾನೆಟ್ಟಿನ ಮೇಲೆ ಆಕಾಶ ಕಂಡಿತು. ಅದರೊಳಗೆ ತಮ್ಮ ಮುಖವೂ ಕಂಡು, ಇಷ್ಟು ಮುದುಕ ಯಾವಾಗ ಆದೆ ಎಂದು ಸಾಬರು ಒಂದು ಕ್ಷಣ ಯೋಚಿಸಿದರು.

"ಒಂದಿನ ನೀರು ತೋರುಸ್ಬೇಡಿ. ಆಮೇಲೆ ಬರೀ ನೀರಲ್ಲಿ ತೊಳೀರಿ, ಸಾಕು," ಎಂದರು ದೊಡ್ಡಣ್ಣನವರಿಗೆ. "ಅಟ್ಟದ ಮೇಲೆ ಕಾಯಿ ಹಾಕಿ ಕೊಬ್ಬರಿ ಆಗೋಗಂಟ ತಿರುಗಿ ನೋಡಲ್ವಲ್ಲ, ಹಂಗೆ ಮರ್ತುಬುಡಿ."

ಇಪ್ಪತ್ತೆರಡನೆಯ ದಿನ ಕಾರು ವಾಪಸ್ಸು ಬಂತು. ಗಂಗಯ್ಯನೇ ಒಂದು ಲೋಟ ನೀರು ತಂದು ಬಾನೆಟ್ಟಿನ ಮೇಲೆ ಸುರಿದ. ನೀರು ಉರುಳಲಿಲ್ಲ. ಎಮ್ಮೆ ಬೆನ್ನಿನ ಮೇಲೆ ಬಿದ್ದಂತೆ ಬಳಿದುಕೊಂಡು ಅಲ್ಲೇ ಕೂತಿತು. ಬಿಸಿಲಿಗೆ ನೋಡಿದರೆ ಕಾರಿನ ತುಂಬ ಸಣ್ಣ ಸಣ್ಣ ಸುತ್ತು ಗೀರುಗಳು.

"ಏಣಿ ನಮ್ಮನೇಲೈತೆ, ತರ್ಲಾ?" ಎಂದ ಗಂಗಯ್ಯ.

ಸಾಬರು ಕಾರಣ ಹುಡುಕಿದರು. ದೊಡ್ಡಣ್ಣನವರ ಮಗಳು ಚೈತ್ರಳನ್ನು ಅಮ್ಮಸಂದ್ರಕ್ಕೆ ಕೊಟ್ಟಿತ್ತು, ಕಾರು ವಾರಕ್ಕೊಮ್ಮೆ ಅಲ್ಲಿಗೆ ಹೋಗುತ್ತಿತ್ತು. ಹಾಗಾದರೆ ರಸ್ತೆ ದೂಳಿನ ಕೆಲಸವೇ? ಬೋರ್‌ವೆಲ್ಲಿನ ಗಡಸು ನೀರೇ? ಸೀಲೆಂಟಿನ ಡಬ್ಬಿ ನಕಲಿಯೇ? ಅಥವಾ ತಮ್ಮ ಕೈಯೇ ಸೋತಿತೇ? ಕೊನೆಯ ಪ್ರಶ್ನೆ ಅವರ ಜೊತೆ ಮನೆಗೂ ಬಂದು ಊಟಕ್ಕೂ ಕೂತಿತು.

"ಇನ್ನೊಂದ್ಸಲ ಗಟ್ಟಿಯಾಗಿ ಹಚ್ಚಿ ನೋಡಿ ಸಾಬ್ರೇ," ಎಂದಷ್ಟೇ ಹೇಳಿ, ದೊಡ್ಡಣ್ಣ ಎತ್ತಲೋ ನೋಡಿದರು.

ಗಂಗಯ್ಯನ ಹತ್ತಿರ ಇನ್ನೊಂದು ಅವಕಾಶ ಕೇಳಿಕೊಂಡು, ಸಾಬರು ಮತ್ತೆ ಮೂರು ದಿನ ಉಜ್ಜಿದರು. ಈ ಸಲ ಹೊಸ ಡಬ್ಬಿ, ಎರಡು ಪದರ. ಮೂರು ವಾರಕ್ಕೆ ಕಾರು ಮತ್ತೆ ಬಂತು, ಅದೇ ಗೀರು, ಅದೇ ಎಮ್ಮೆ ಬೆನ್ನು. ಸಾಬರು ಸುಸ್ತಾಗಿ ಬಾಗಿಲ ಅಂಚಿಗೆ ತಲೆ ಆನಿಸಿದರು. ಆಗ ಮೂಗಿಗೆ ಒಂದು ವಾಸನೆ ಹತ್ತಿತು. ಪೆಟ್ರೋಲಿನದಲ್ಲ, ಪಾಲಿಶಿನದೂ ಅಲ್ಲ, ಹಬ್ಬದ ಬೆಳಗಿನ ಬಚ್ಚಲಮನೆಯ ವಾಸನೆ. ಬಾಗಿಲ ಸಂದಿಯಲ್ಲಿ ಬೆರಳಾಡಿಸಿದರೆ ಕಂದು ಬಣ್ಣದ ಪುಡಿ ಬಂತು.

ಅವರು ದೊಡ್ಡಣ್ಣನವರ ಮುಖ ನೋಡಿದರು. ದೊಡ್ಡಣ್ಣ ಹರಾಜಿಗೆ ಹೊತ್ತಾಯಿತೆಂದು ಕಾರು ಹತ್ತಿ ಹೊರಟೇಬಿಟ್ಟರು. ಅವತ್ತು ಹರಾಜೇ ಇರಲಿಲ್ಲ.

ಶನಿವಾರ ಬೆಳಿಗ್ಗೆ ಏಳಕ್ಕೆಲ್ಲ ಸಾಬರು ಮೊಪೆಡ್ ಹತ್ತಿ ಬಿಳಿಗೆರೆಗೆ ಹೋದರು. ಹಿಂದೆ ಎತ್ತಿನ ಗಾಡಿ ನಿಲ್ಲುತ್ತಿದ್ದ ಚಪ್ಪರದಲ್ಲಿ ಈಗ ಕಾರು ನಿಂತಿತ್ತು. ದೊಡ್ಡಣ್ಣನವರ ಹೆಂಡತಿ ಪುಟ್ಟಗೌರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ತೆಂಗಿನ ಚಿಪ್ಪಿನಿಂದ ಕೊಬ್ಬರಿ ಎಣ್ಣೆ ಅಂಗೈಗೆ ಸುರಿದುಕೊಂಡು ಬಾನೆಟ್ಟಿನ ನೆತ್ತಿಗೆ ತಟ್ಟುತ್ತಿದ್ದರು. ಪಕ್ಕದಲ್ಲಿ ಬಿಸಿನೀರಿನ ಬಕೆಟ್ಟು ಹೊಗೆಯಾಡುತ್ತಿತ್ತು. ಒಂದು ಡಬ್ಬಿ ಸೀಗೆಪುಡಿ. ಉಜ್ಜಲು ತೆಂಗಿನ ನಾರಿನ ಉಂಡೆ.

"ಬಾರಪ್ಪ ರಸೂಲು. ಕೂತ್ಕೋ, ಇದುಕ್ಕೆ ನೀರು ಹಾಕ್ಬುಟ್ಟು ಕಾಫಿ ಕಾಸ್ತೀನಿ."

"ಅಕ್ಕಾ, ಇದೇನ್ ಮಾಡ್ತಿದೀರಿ?"

"ಕಾಣಲ್ವಾ? ಶನಿವಾರ ಅಲ್ವಾ."

ಸಾಬರು ಜಗುಲಿಯ ಮೇಲೆ ಕುಸಿದರು. ದಾರಿಯುದ್ದಕ್ಕೂ ಒಂದು ಭಾಷಣ ಜೋಡಿಸಿಕೊಂಡು ಬಂದಿದ್ದರು. ಎಣ್ಣೆಗೆ ದೂಳು ಹಿಡಿಯುತ್ತದೆ, ಸೀಗೆಪುಡಿ ಸೀಲೆಂಟನ್ನು ಕಿತ್ತು ತರುತ್ತದೆ, ನಾರು ಗೀರು ಹಾಕುತ್ತದೆ, ಇತ್ಯಾದಿ. ಬಾಯಿಗೆ ಬಂದದ್ದು ಇಷ್ಟೇ: "ಯಾಕಕ್ಕಾ?"

"ಇದೊಳ್ಳೆ ಕೇಳ್ದೆ. ಮೊದ್ಲು ಗಾಡಿಗೆ ಹಚ್ತಿದ್ದೆ, ಎತ್ತಿನ ಕೊಂಬಿಗೆ ಹಚ್ತಿದ್ದೆ. ಹೊರಗ್ ಹೋಗಿ ಬರೋದುಕ್ಕೆಲ್ಲ ವಾರಕ್ಕೊಂದು ಸಲ ಮನೆಯೋರ ಕೈ ತಾಗ್ಬೇಕು ಕಣಪ್ಪ. ಇವ್ರ ಕಣ್ಣು ಬೇರೆ ಕುಯ್ಸಿರೋದು. ನಾನೇ ಓಡುಸ್ತೀನಿ ಅಂತ ಹಟ. ನಾನು ಪಕ್ಕದಾಗೆ ಕೂತ್ಕಂಡು ಬ್ರೇಕು ಒತ್ತಕ್ಕಾಯ್ತದಾ? ನನ್ ಕೈಲಾಗೋದು ಇದೊಂದೇ."

ಸಾಬರ ಭಾಷಣ ಅಲ್ಲೇ ತಣ್ಣಗಾಯಿತು. ಬಾಗಿಲ ಹಿಂದಿನಿಂದ ಇಣುಕಿದ ದೊಡ್ಡಣ್ಣನವರನ್ನು ಅವರು ಕಣ್ಣಲ್ಲೇ ತೋಟದ ಕಡೆಗೆ ಕರೆದರು.

"ನಿಮ್ಗೆ ಗೊತ್ತಿತ್ತು."

"ಗೊತ್ತಿತ್ತು."

"ಮತ್ಯಾಕ್ ಬಾಯ್ ಬುಡ್ಲಿಲ್ಲ? ಅಲ್ಲಿ ನನ್ ಬೋರ್ಡು ಇಳಿಯೋ ಹಂಗಾಗೈತೆ."

"ಸಾಬ್ರೇ, ನಲವತ್ತೊಂದು ವರ್ಷದಿಂದ ನನ್ ತಲೆಗೆ ಎಣ್ಣೆ ಹಚ್ಬೇಡ ಅನ್ನಕ್ಕೇ ಧೈರ್ಯ ಬಂದಿಲ್ಲ. ಇನ್ನು ಕಾರಿನ ಪರವಾಗಿ ನಾನು ಮಾತಾಡ್ತೀನಾ?" ದೊಡ್ಡಣ್ಣ ಬಗ್ಗಿ, ಕೆಳಗೆ ಬಿದ್ದಿದ್ದ ಗರಿಯೊಂದನ್ನು ಎಳೆದು ಪಕ್ಕಕ್ಕೆ ಹಾಕಿದರು. "ನಿಮ್ ಅಳಿಯ ಗಟ್ಟಿ ಅಂದ್ರಲ್ಲ, ಅವಳ್ನ ತಡ್ಕಂತಾನೆ ಅಂದ್ಕಂಡಿದ್ದೆ."

"ಕಂಪ್ನಿಯೋರು ಬಿಸ್ಲಿಗೆ, ಮಳೆಗೆ, ಹಕ್ಕಿ ಹಿಕ್ಕೆಗೆಲ್ಲ ಪರೀಕ್ಷೆ ಮಾಡಿರ್ತಾರೆ," ಎಂದರು ಸಾಬರು. "ಅಕ್ಕನ ಸೀಗೆಪುಡಿಗೆ ಮಾಡಿರಲ್ಲ."

ಸಾಬರಿಗೆ ನಗಬೇಕೆನ್ನಿಸಿತು, ಆದರೆ ನಕ್ಕರೆ ಭುಜ ಅಲ್ಲಾಡುತ್ತಿತ್ತು.

ಆ ವಾರ ಅವರು ಮೂರನೆಯ ಸಲ ಅದೇ ಕಾರನ್ನು ಉಜ್ಜಿ, ಜಿಡ್ಡು ತೆಗೆದು, ಗೀರು ಕರಗಿಸಿದರು. ಸೀಲೆಂಟಿನ ಡಬ್ಬಿ ಮುಟ್ಟಲಿಲ್ಲ. ಮುಂದಿನ ಶನಿವಾರ ಒಂದು ಚಪ್ಪಟೆ ಡಬ್ಬಿ ಹಿಡಿದು ಬಿಳಿಗೆರೆಯ ಜಗುಲಿ ಹತ್ತಿದರು.

"ಅಕ್ಕಾ, ಇದು ಮೇಣ. ದೂರದೇಶದಲ್ಲಿ ಒಂದು ಜಾತಿ ತಾಳೆಮರ ಐತೆ, ಅದ್ರ ಗರಿ ಮೇಲೆ ಕಟ್ಟೋದು. ನಮ್ ತೆಂಗಿಗೆ ದಾಯಾದಿ."

ಪುಟ್ಟಗೌರಮ್ಮ ಮೂಸಿ ನೋಡಿದರು. "ತೆಂಗಿನ ವಾಸ್ನೆನೇ ಇಲ್ವಲ್ಲ."

"ದೂರದ ದಾಯಾದಿ."

"ಸೀಗೆಪುಡಿ?"

"ಬ್ಯಾಡ. ನಾರೂ ಬ್ಯಾಡ. ತಣ್ಣೀರಲ್ಲಿ ತೊಳ್ದು, ಒರ್ಸಿ, ಇದ್ನ ರೊಟ್ಟಿಗೆ ಬೆಣ್ಣೆ ಸವರ್ದಂಗೆ ತೆಳ್ಳಗೆ ಸವರ್ಬೇಕು. ಬೂದಿ ಥರ ಬೆಳ್ಳಗಾದ್ಮೇಲೆ ಮೆತ್ತನೆ ಬಟ್ಟೇಲಿ ಒರ್ಸೋದು. ತಿಂಗ್ಳಿಗೊಂದ್ಸಲ ಸಾಕು. ನೀವು ವಾರಾವಾರ ಮಾಡಿದ್ರೂ ಕಾರೇನು ಅನ್ನಲ್ಲ."

"ಎಣ್ಣೆ ಪೂರಾ ಬುಟ್ಬುಡ್ಬೇಕಾ?" ಆ ದನಿಯಲ್ಲಿ ಅಷ್ಟು ಸಂಕಟವಿತ್ತು.

ಸಾಬರು ಯೋಚಿಸಿದರು. "ಬಾಗಿಲ ಕೀಲುಗಳ್ಗೆ ಒಂದೊಂದು ತೊಟ್ಟು ಬುಡಿ."

ಪುಟ್ಟಗೌರಮ್ಮ ಬೆರಳಿಗೆ ಮೇಣ ತಗೊಂಡು, ಆಮೇಲೆ ಸಾಬರು ಕೊಟ್ಟ ಸ್ಪಂಜಿಗೆ ಒರೆಸಿ, ಬಾನೆಟ್ಟಿನ ಮೇಲೆ ಕೈಯಾಡಿಸಿದರು. ಸಾಬರು ಕಾಫಿ ಹಿಡಿದು ನೋಡುತ್ತಿದ್ದರು. ಒತ್ತಡವಿಲ್ಲ, ಅವಸರವಿಲ್ಲ, ಒಂದಂಗುಲವೂ ಬಿಟ್ಟುಹೋಗಲಿಲ್ಲ. ಅಂಥ ಕೈ ತಮಗೆ ಬರಲು ಹತ್ತು ವರ್ಷ ಹಿಡಿದಿತ್ತು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಬೇರೆಯವರು ಕಾರು ಉಜ್ಜುವಾಗ ಅವರು ಕೂತಿದ್ದರು. ಭುಜಕ್ಕೆ ಏನೂ ಅರ್ಥವಾಗದೆ ಅದೂ ಸುಮ್ಮನಿತ್ತು.

ಮುಂದಿನ ಹರಾಜಿನ ದಿನ ದೊಡ್ಡಣ್ಣ ಕಾರು ತಂದು ಟೀ ಅಂಗಡಿಯ ಮುಂದೆ ನಿಲ್ಲಿಸಿದರು. ಗಂಗಯ್ಯ ಲೋಟದ ನೀರು ಸುರಿದ. ನೀರು ಮುತ್ತು ಮುತ್ತಾಗಿ ಉರುಳಿ ಅವನ ಕಾಲಿನ ಮೇಲೇ ಬಿತ್ತು.

"ಈಗೇನೋ ಆಯ್ತು. ಹಿಂದೆ ಎರಡು ಸಲ ಏನಾಗಿತ್ತು ಸಾಬ್ರೇ?"

ಬೆಂಚು ಕಿವಿಗೊಟ್ಟಿತು. ಹೇಳಿದ್ದರೆ ಸಾಬರ ಹೆಸರು ಉಳಿಯುತ್ತಿತ್ತು. ಪುಟ್ಟಗೌರಮ್ಮ ಕಾರಿಗೆ ಎಣ್ಣೆಸ್ನಾನ ಮಾಡಿಸಿದ ಕತೆ ಸಂಜೆಯೊಳಗೆ ತುರುವೇಕೆರೆ ಮುಟ್ಟುತ್ತಿತ್ತು. ದೊಡ್ಡಣ್ಣ ಟೀ ಲೋಟದೊಳಗೆ ಏನೋ ಬಿದ್ದವರಂತೆ ಅದನ್ನೇ ನೋಡುತ್ತ ಕೂತಿದ್ದರು.

"ಸಾಮಾನು ಆರ್ಸೋದ್ರಲ್ಲಿ ನಾನೇ ಎಡವಿದ್ದೆ," ಎಂದರು ಸಾಬರು. "ಆ ಮನೆ ಕಾರಿಗೆ ಸೀಲೆಂಟು ಒಗ್ಗಲ್ಲ. ಮೊದ್ಲೇ ಮೇಣ ಹಾಕ್ಬೇಕಿತ್ತು."

"ಹಂಗಾದ್ರೆ ಬೋರ್ಡು?"

"ಆಡಿದ್ದು ಆಡಿದ್ದೇ. ತತ್ತಾ ಏಣೀನ."

ಗಂಗಯ್ಯ ಇದನ್ನು ನಿರೀಕ್ಷಿಸಿರಲಿಲ್ಲ. ತಮಾಷೆಗೆ ಅಂದದ್ದು ಎಂದು ಗೊಣಗುತ್ತಲೇ ಏಣಿ ತಂದು ಒರಗಿಸಿ, ಗಿರಾಕಿ ಕಾದಿದ್ದಾರೆಂದು ಒಲೆಯ ಹತ್ತಿರ ಓಡಿದ. ದೊಡ್ಡಣ್ಣ ಎದ್ದು ಬಂದು ಏಣಿಯನ್ನು ಎರಡೂ ಕೈಯಿಂದ ಹಿಡಿದುಕೊಂಡರು.

ಸಾಬರು ಮೆಲ್ಲಗೆ ಹತ್ತಿ ಸ್ಪ್ಯಾನರ್ ಹಾಕಿದರು. ನಾಲ್ಕು ಬೋಲ್ಟುಗಳೂ ತುಕ್ಕು ಹಿಡಿದು ತಗಡಿನ ಜೊತೆ ಒಂದಾಗಿಹೋಗಿದ್ದವು. ಎಡಗೈಯಲ್ಲಿ ತಿರುಗಿಸಿದರು, ಅಲುಗಲಿಲ್ಲ. ಬಲಗೈ ಹಾಕಿದರು. ಭುಜ ಒಪ್ಪಲಿಲ್ಲ.

"ಬರ್ತಿಲ್ಲ ಯಜಮಾನ್ರೇ."

"ತುಕ್ಕು," ಎಂದರು ಕೆಳಗಿನಿಂದ ದೊಡ್ಡಣ್ಣ. "ಒಂದು ತೊಟ್ಟು ಕೊಬ್ಬರಿ ಎಣ್ಣೆ ಬುಟ್ರೆ ಬುಟ್ಕಂತದೆ."

ಸಾಬರು ಏಣಿಯ ಮೇಲೆ, ದೊಡ್ಡಣ್ಣ ಏಣಿಯ ಕೆಳಗೆ. ಎದುರಿನ ಸಾಲಿನಲ್ಲಿ ಮೂರು ಕೊಬ್ಬರಿ ಎಣ್ಣೆ ಅಂಗಡಿಗಳಿದ್ದವು, ಮೂರೂ ತೆರೆದಿದ್ದವು. ಇಬ್ಬರೂ ಒಂದಷ್ಟು ಹೊತ್ತು ಆ ಕಡೆ ನೋಡಿದರು. ಆಮೇಲೆ ಸಾಬರು ಜೇಬಿನಿಂದ ಮೆತ್ತನೆ ಬಟ್ಟೆ ತೆಗೆದು, ಹತ್ತಿದ್ದಕ್ಕೆ ಇರಲಿ ಎಂದು ಬೋರ್ಡಿನ ದೂಳು ಒರೆಸತೊಡಗಿದರು.

ಎಣ್ಣೆ ತರಲು ಯಾರೂ ಹೋಗಲಿಲ್ಲ.