ಕೇಳಿ ಒಗೆಯುವ ಸೋಪಕ್ಕ

ಬೆಳಕು ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುವ ಹೊತ್ತು. ಚರ್ಚಿನ ಹಿಂಬದಿಯ ಕೋಣೆಯಲ್ಲಿ ಬಾಯ್ಲರ್ ಗೊರಗೊರ ಎನ್ನುತ್ತಿದೆ. ಕಮಿಟಿ ಅಧ್ಯಕ್ಷರು ಭಾಷಣಕ್ಕೆ ಮುನ್ನ ಗಂಟಲು ಸರಿಮಾಡಿಕೊಳ್ಳುವುದೂ ಥೇಟ್ ಹೀಗೆಯೇ. ಎಲ್ಲರೂ ಸೋಪಕ್ಕ ಎಂದೇ ಕರೆಯುವ ಹೆಂಗಸು ತೋಳು ಮೇಲೇರಿಸಿ, ನೀರಿಗೆ ಮೊಣಕೈ ಅದ್ದಿ ಬಿಸಿ ನೋಡುತ್ತಾರೆ.

ಬಾಗಿಲಾಚೆ ಬೀದಿಯಲ್ಲೇ ಮಲಗಿ ಎದ್ದವರ ಸಾಲು. ಮೈಗೆ ಬಿಸಿನೀರು, ಬಟ್ಟೆಗೆ ಒಗೆತ, ಗಾಯಕ್ಕೆ ಪಟ್ಟಿ: ಇಲ್ಲಿ ಸಿಗುವುದಿಷ್ಟು. ಸಾಲಿನಲ್ಲಿದ್ದವನೊಬ್ಬ ತನ್ನ ಪಾಪಕ್ಕೂ ಒಂದಿಷ್ಟು ಸೋಪು ಹಚ್ಚಬೇಕೆಂದು ಕೀಟಲೆ ಮಾಡುತ್ತಾನೆ.

“ಅದು ಮುಂದಿನ ಬಾಗಿಲು, ಪಾದ್ರಿಗಳ ಡಿಪಾರ್ಟ್‌ಮೆಂಟು. ನಂದು ಬರೀ ಕಾಲರ್ ಕೊಳೆ. ಅಂಗಿ ಒಗೀಲಾ ಅಣ್ಣ?”

ಅವನು ಹೂಂ ಎಂದ ಮೇಲೆಯೇ ಅಂಗಿ ಬಕೆಟ್ಟಿಗಿಳಿಯುತ್ತದೆ.

ಸೋಪಕ್ಕ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ವಯಸ್ಸು ಸವೆಸಿದವರು. ಅಲ್ಲಿ ಬಟ್ಟೆಗೆ ನಂಬರಿತ್ತು, ಮುಖವಿರಲಿಲ್ಲ. ಸೊಂಟ ಕೈಕೊಟ್ಟಾಗ ಕೆಲಸ ಬಿಟ್ಟರು. ಸುಮ್ಮನೆ ಕೂರಲಾಗದೆ ಚರ್ಚಿನ ಈ ಖಾಲಿ ಕೋಣೆಯ ಬೀಗದ ಕೈ ಕೇಳಿದರು. ಗಂಡ ಲಿಫ್ಟ್ ರಿಪೇರಿಯವರು. ತಾನು ಜನರನ್ನು ಮೇಲೆತ್ತುತ್ತೇನೆ, ಇವಳು ಹಿಂಡುತ್ತಾಳೆ ಎನ್ನುವುದು ಅವರ ಹಳೇ ಜೋಕು. ದಿನಕ್ಕೆ ನಲವತ್ತು ಜೊತೆ ಬಟ್ಟೆಯಾದರೂ ಆಗುತ್ತದೆ, ಚಳಿಗಾಲದಲ್ಲಿ ಇನ್ನೂ ಜಾಸ್ತಿ. ಬೆರಳ ಸಂದಿಯ ಚರ್ಮ ಬಿರಿದು, ರಾತ್ರಿ ಮುಲಾಮು ಹಚ್ಚದೆ ನಿದ್ದೆ ಸುಳಿಯುವುದಿಲ್ಲ.

ಒಗೆಯುವ ಮುನ್ನ ಕೇಳುವ ಪದ್ಧತಿ ಮೊದಲು ಇರಲಿಲ್ಲ. ಅದು ಶುರುವಾದದ್ದು ಒಂದು ಶಾಲಿನಿಂದ. ಬಸ್ ನಿಲ್ದಾಣದಲ್ಲಿ ಮಲಗುವ ಬಡಗಿ ಅಜ್ಜ ಒಂದು ದಿನ ಸ್ನಾನಕ್ಕಿಳಿದಾಗ, ಜಿಡ್ಡುಗಟ್ಟಿದ್ದ ಅವರ ಶಾಲನ್ನು ಸೋಪಕ್ಕ ಚೆನ್ನಾಗಿ ತಿಕ್ಕಿ ಒಗೆದು, ಒಣಗಿಸಿ, ಇಸ್ತ್ರಿ ಹಾಕಿ, ಬಹುಮಾನ ಕೊಟ್ಟಂತೆ ಕೈಗಿತ್ತರು. ಅಜ್ಜ ಅದನ್ನು ಮೂಗಿಗೆ ಹಿಡಿದರು. ಮಗುಚಿ ಮತ್ತೆ ಹಿಡಿದರು. ಕಾಲಿನ ಹುಣ್ಣಿಗೆ ಪಟ್ಟಿಯನ್ನೂ ಕಟ್ಟಿಸಿಕೊಳ್ಳದೆ ಹೊರಟುಹೋದರು.

ಮಾರನೇ ದಿನ ಸೋಪಕ್ಕ ಹುಡುಕಿಕೊಂಡು ಹೋಗಿ ಏನಾಯಿತೆಂದು ಕೇಳಿದರು.

“ನನ್ನ ಹೆಂಡ್ತಿ ಹೊದೀತಿದ್ದ ಶಾಲು. ಅವಳ ತಲೆ ಎಣ್ಣೆ ವಾಸನೆ ಇತ್ತಮ್ಮ ಅದರಲ್ಲಿ,” ಎಂದರು ಅಜ್ಜ. “ಈಗ ನಿನ್ನ ಸೋಪಿನ ವಾಸನೆ.”

ಅಂದಿನಿಂದ ಸೋಪಕ್ಕ ಕೇಳದೆ ಯಾರ ಬಟ್ಟೆಯನ್ನೂ ಬಕೆಟ್ಟಿಗೆ ಹಾಕಲಿಲ್ಲ.

ಆ ದಿನಗಳಲ್ಲಿ ಪಾದ್ರಿಗಳು, ಸೇವೆಗೆ ಹೊಸದಾಗಿ ಬರುವವರು ಪಾಲಿಸಬೇಕಾದ ಸೂತ್ರಗಳನ್ನು ಬರೆಯುತ್ತಿದ್ದರು. ಪ್ರೀತಿ, ದೀನತೆ, ಪ್ರಾರ್ಥನೆ ಎಲ್ಲವೂ ಇದ್ದವು. ಸೋಪಕ್ಕ ತಮ್ಮದೊಂದು ಸೇರಿಸಲು ಹೇಳಿದರು: ಕೇಳದೆ ಯಾರನ್ನೂ, ಯಾರದ್ದನ್ನೂ ಮುಟ್ಟಬಾರದು. ಪಾದ್ರಿಗಳು ಸಂತೋಷದಿಂದ ಬರೆದುಕೊಂಡರು. ಆ ಸೂತ್ರ ಮೊದಲು ತೊಡರಿದ್ದು ಸೋಪಕ್ಕನ ಕಾಲಿಗೇ.

ಅಜ್ಜನದು ಸಕ್ಕರೆ ಕಾಯಿಲೆಯ ಹುಣ್ಣು. ಹೀಗೇ ಬಿಟ್ಟರೆ ಪಾದವನ್ನೇ ತೆಗೆಯಬೇಕಾಗುತ್ತದೆ ಎಂದು ಪಟ್ಟಿ ಕಟ್ಟುವ ನರ್ಸಮ್ಮ ಎಚ್ಚರಿಸಿದರು. ನಾಲ್ಕು ಜನ ಸೇರಿ ಎತ್ತಿಕೊಂಡು ಬನ್ನಿ, ಅಜ್ಜ ಆಮೇಲೆ ಬೈದುಕೊಳ್ಳಲಿ ಎಂಬುದು ಅವರ ವಾದ. ಅದರಲ್ಲೂ ನ್ಯಾಯವಿತ್ತು. ಪಾದ್ರಿಗಳೂ ಮೆಲ್ಲಗೆ ಅದೇ ಕಡೆಗೆ ವಾಲಿದರು.

“ಬೇಡ ಅಂದ್ರೆ ಬಿಡ್ತೀನಿ ಫಾದರ್,” ಎಂದರು ಸೋಪಕ್ಕ. “ನಾಳೆ ಮತ್ತೆ ಕೇಳ್ತೀನಿ.”

ಕೇಳಿದರು. ಬಾಯ್ಲರ್ ಹಚ್ಚಿ, ಮುಚ್ಚಳದ ಬಕೆಟ್ಟಿನಲ್ಲಿ ಬಿಸಿನೀರು ಹೊತ್ತು ದಿನಾ ಬಸ್ ನಿಲ್ದಾಣಕ್ಕೆ ಹೋದರು. ಕಾಲು ತೊಳೆಯಲೇ ಎಂದರೆ ಅಜ್ಜ ಮುಖ ತಿರುಗಿಸುತ್ತಿದ್ದರು. ನೀರು ಆರುವವರೆಗೆ ಕೂತು ಸೋಪಕ್ಕ ಎದ್ದು ಬರುತ್ತಿದ್ದರು. ನರ್ಸಮ್ಮನ ಮುಖ ದಿನೇ ದಿನೇ ಗಂಟಾಗುತ್ತಿತ್ತು. ಒಂದು ದಿನ ಅಜ್ಜನ ಕಾಲಿನ ಹೆಬ್ಬೆರಳು ಕಪ್ಪಾಗತೊಡಗಿತು. ಅಂದು ಸೋಪಕ್ಕ ಪ್ರಶ್ನೆ ಬದಲಾಯಿಸಿದರು: ಒಳಗೆ ಬರಬೇಕಾದರೆ ನಿಮಗೇನು ಬೇಕು?

ಅಜ್ಜ ಶಾಲನ್ನು ಮಡಿಲಿಗೆ ಎಳೆದುಕೊಂಡರು.

“ಶಾಲು ನನ್ನ ಕಣ್ಣೆದುರಿಗೇ ಇರ್ಬೇಕು. ಅದಕ್ಕೆ ಗೂಟ ನಾನೇ ಹೊಡೀತೀನಿ.”

ಪಟ್ಟಿ ಕಟ್ಟುವ ಸ್ಟೂಲಿನ ಎದುರು ಗೋಡೆಗೆ ಅಜ್ಜ ತಮ್ಮ ಕೈಯಾರೆ ಗೂಟ ಹೊಡೆದರು, ಶಾಲು ನೇತುಹಾಕಿದರು, ಆಮೇಲೆ ಕಾಲು ಚಾಚಿದರು. ಕೊಳೆ ಬಟ್ಟೆ ಕಂಡರೆ ಸಿಡುಕುವ ನರ್ಸಮ್ಮ ಶಾಲಿನ ಕೆಳಗೇ ಕೂತು ಹುಣ್ಣು ತೊಳೆದರು. ಹೆಬ್ಬೆರಳು ಉಳಿಯಲಿಲ್ಲ, ಪಾದ ಉಳಿಯಿತು.

ಈಗ ಆ ಗೋಡೆಗೆ ಸಾಲಾಗಿ ಗೂಟಗಳಿವೆ, ಎಲ್ಲವೂ ಅಜ್ಜನ ಕೈಕೆಲಸ. ಒಳಗೆ ಬಂದವರ ಸಾಮಾನು ಅವರವರ ಕಣ್ಣಳತೆಯಲ್ಲೇ ಇರುತ್ತದೆ. ಅಜ್ಜ ಪಟ್ಟಿ ಬದಲಾಯಿಸಿಕೊಂಡು, ಶಾಲು ಹೊದ್ದು, ಕೋಲೂರಿ ಹೊರಡುತ್ತಾರೆ. ಕೆಲವು ದಿನ ಸೋಪಕ್ಕನನ್ನು ಮಾತಾಡಿಸುತ್ತಾರೆ, ಕೆಲವು ದಿನ ಇಲ್ಲ.

ಬೆರಳು ಹೋದದ್ದು ನೀವು ಕಾದು ಕೂತದ್ದರಿಂದಲೇ ಅಲ್ಲವೇ ಎಂದು ಕೇಳಿದರೆ ಸೋಪಕ್ಕ ನುಣುಚಿಕೊಳ್ಳುವುದಿಲ್ಲ. ಇರಬಹುದು ಎನ್ನುತ್ತಾರೆ, ಹಿಂಡಿದ ಅಂಗಿಯನ್ನು ಕೊಡವಿ ಹಗ್ಗಕ್ಕೆ ಹಾಕುತ್ತಾರೆ.

“ಆ ವಾಸನೆ ವಾಪಸ್ ತಂದುಕೊಡೋಕೆ ನನ್ನ ಕೈಲಿ ಆಗಲ್ಲ. ಆ ಕಾಲು ನಡೀತಾ ಇರ್ಲಿ, ಅಷ್ಟೇ. ನನ್ನ ಬಾಗಿಲಿಗೇ ಬರ್ಬೇಕು ಅಂತೇನಿಲ್ಲ.”