ಅಳತೆಯಕ್ಕನ ಮೂರು ಗೀಟು

ಹೊತ್ತು ಇನ್ನೂ ಹುಟ್ಟಿಲ್ಲ. ಮನೆಯ ಬಾಗಿಲು ಕಿಟಕಿಗಳನ್ನೆಲ್ಲ ಮುಚ್ಚಿಸಿ, ದೀಪ ಆರಿಸಿ, ಅಳತೆಯಕ್ಕ ನಡುಮನೆಯಲ್ಲಿ ಸುಮ್ಮನೆ ಕೂತಿದ್ದಾರೆ. ಮನೆಯವರೂ, ಅಕ್ಕನ ಕೆಲಸ ನೋಡಿ ಬರೆಯಲು ಬಂದ ನಾನೂ ಗೋಡೆಗೊರಗಿ ಆಕಳಿಸುತ್ತಿದ್ದೇವೆ. ಹೊರಗೆ ಬೆಳಕು ಹರಿದಂತೆ ಚೌಕಟ್ಟುಗಳ ಸುತ್ತ ಸಣ್ಣ ಗೆರೆಗಳು ಮೂಡುತ್ತವೆ.

"ಬೆಳಕು ನುಸುಳೋ ಕಡೆ ಗಾಳೀನೂ ಬರುತ್ತೆ, ನೀರೂ ಬರುತ್ತೆ," ಎನ್ನುತ್ತಾ ಎದ್ದು ಸೀಮೆಸುಣ್ಣ ತೆಗೆಯುತ್ತಾರೆ. ಚೌಕಟ್ಟಿನ ಮೇಲೆ ಒಂದು ಗೀಟು ಎಂದರೆ ಅದು ಇನ್ನೂ ಬಾಳುತ್ತದೆ, ಎರಡಾದರೆ ರಿಪೇರಿ ಸಾಕು, ಮೂರಾದರೆ ಬದಲಾಯಿಸಲೇಬೇಕು.

ಇವರಿಗೆ ಐವತ್ತೆರಡು ವರ್ಷ. ಬಾಗಿಲು ಕಿಟಕಿ ಮಾರುವ ಅಂಗಡಿಯೊಂದಕ್ಕೆ ಹತ್ತೊಂಬತ್ತು ವರ್ಷದಿಂದ ಮನೆಮನೆಯ ಅಳತೆ ತರುತ್ತಾರೆ. ದಿನಕ್ಕೆ ಎರಡು ಮನೆ, ಅಪರೂಪಕ್ಕೆ ಮೂರು. ಸಂಬಳವಿಲ್ಲ, ಆರ್ಡರ್ ಆದ ಒಂದೊಂದಕ್ಕೆ ಇಷ್ಟು ಎಂದು ಕೂಲಿ. ಪ್ರತಿ ಕಿಟಕಿಯ ಅಗಲವನ್ನು ಮೂರು ಕಡೆ, ಎತ್ತರವನ್ನು ಮೂರು ಕಡೆ ಹಿಡಿದು, ಎಲ್ಲಕ್ಕಿಂತ ಕಡಿಮೆ ಬಂದದ್ದನ್ನು ಬರೆದುಕೊಳ್ಳುತ್ತಾರೆ. ಮೊದಲ ವರ್ಷ ಒಂದೇ ಕಡೆ ಅಳೆದು, ಕಿಟಕಿ ಅರ್ಧ ಇಂಚು ದೊಡ್ಡದಾಗಿ ಬಂದು, ಮೂರು ತಿಂಗಳ ಕೂಲಿ ಕಳೆದುಕೊಂಡಿದ್ದರು.

"ಹಳೇ ಗೋಡೆ ನೆಟ್ಟಗಿದೆ ಅಂತ ನಂಬಬಾರದು. ನಮ್ಮ ಹಾಗೇ ಅದು, ವಯಸ್ಸಾದ್ಮೇಲೆ ಒಂದು ಕಡೆ ವಾಲಿರುತ್ತೆ."

ಈ ಮನೆಗೆ ಮೂರು ಬಾಗಿಲು, ಎಂಟು ಕಿಟಕಿ. ಗಂಡ ಹೆಂಡತಿ ನಾಲ್ಕು ವರ್ಷ ಕೂಡಿಟ್ಟ ದುಡ್ಡು ಹನ್ನೊಂದಕ್ಕೂ ಸಾಲದು. ಯಜಮಾನರು ನೋಡಿಟ್ಟಿರುವ ಮುಂಬಾಗಿಲೊಂದೇ ಅದರಲ್ಲಿ ಅರ್ಧ ನುಂಗುತ್ತದೆ. ಅವರ ಅಪ್ಪನಿಗೆ ಕೆಮ್ಮು. ಕೋಣೆಯ ಎರಡು ಕಿಟಕಿಗಳೂ ಸರಿಯಾಗಿ ಮುಚ್ಚದ ಕಾರಣ ಅಜ್ಜ ಎರಡು ವರ್ಷದಿಂದ ನಡುಮನೆಯ ಬೆಂಚಿನ ಮೇಲೆ ಮಲಗುತ್ತಿದ್ದಾರೆ.

"ಮುಂಬಾಗಿಲಿಗೆ ಎರಡೇ ಗೀಟಾ?" ಯಜಮಾನರ ಮುಖ ಸಪ್ಪಗಾಗುತ್ತದೆ. "ಬಂದೋರು ಮೊದ್ಲು ನೋಡೋದೇ ಅದನ್ನ, ಅಕ್ಕ."

"ಬಂದೋರು ಎರಡು ನಿಮಿಷ ನೋಡ್ತಾರಪ್ಪ. ಅಜ್ಜ ರಾತ್ರಿಯೆಲ್ಲ ಮಲಗಬೇಕು. ಕೀಲು ಬಿಗಿಸಿ, ಅಡಿಯಲ್ಲಿ ಒಂಚೂರು ಉಜ್ಜಿಸಿ. ಆಮೇಲೆ ಹೇಳಿದ ಮಾತು ಕೇಳುತ್ತೆ."

"ಸದ್ಯಕ್ಕೆ ಆ ಬಾಗಿಲೂ ಇವರೂ ಒಂದೇ," ಎಂದು ಹೆಂಡತಿ ಅಡುಗೆಮನೆಯಿಂದಲೇ ಹೇಳುತ್ತಾರೆ. "ಭುಜ ಕೊಟ್ಟು ತಳ್ಳದೆ ಅಲ್ಲಾಡಲ್ಲ."

ಆಕೆಯ ಅಡುಗೆಮನೆಯ ಕಿಟಕಿ ತೆರೆದು ವರ್ಷಗಳೇ ಆಗಿವೆ; ಮರ ಉಬ್ಬಿದೆ ಎಂದೇ ಎಲ್ಲರೂ ತಿಳಿದಿದ್ದರು. ಅಳತೆಯಕ್ಕ ಸಂದಿನಲ್ಲಿ ಚಾಕು ಆಡಿಸಿ ಒಣಗಿದ ಬಣ್ಣವನ್ನು ಪದರಪದರವಾಗಿ ಕೆರೆಯುತ್ತಾರೆ. ಕಿಟಕಿ ಕಿರುಗುಟ್ಟಿ ತೆರೆದುಕೊಳ್ಳುತ್ತದೆ. ಒಂದು ಗೀಟು, ಅವರ ಕೂಲಿಯಲ್ಲಿ ಇನ್ನೊಂದು ಖೋತಾ.

ಎಂಟು ಗಂಟೆಗೆ ಪಟ್ಟಿಯಲ್ಲಿ ಉಳಿದದ್ದು ನಾಲ್ಕೇ: ಅಜ್ಜನ ಎರಡು ಕಿಟಕಿ, ಬಚ್ಚಲಿನ ಕಿಟಕಿ, ಹಿತ್ತಿಲ ಬಾಗಿಲು. ದುಡ್ಡು ಸಾಕಾಗುತ್ತದೆ. ಯಜಮಾನರು ಮುಂಬಾಗಿಲನ್ನೊಮ್ಮೆ ನೋಡಿ, "ಹಾಗೇ ಬರ್ಕೊಳ್ಳಿ," ಎನ್ನುತ್ತಾರೆ.

"ಅಂಗಡಿ ಮಾಲೀಕರು ಬೈಯಲ್ವಾ?" ಎಂದು ಕೇಳಿದೆ.

"ನೀನು ನಮ್ಮ ಅಂಗಡಿಯವಳೋ, ಅವರ ಮನೆಯವಳೋ ಅಂತಾರೆ. ಆದ್ರೆ ಈ ಮನೆಯೋರು ಹೇಳಿ ಇನ್ನೆರಡು ಮನೆ ಬರುತ್ತೆ. ಅದಕ್ಕೇ ನನ್ನ ಕೆಲಸ ಬಿಡಿಸಿಲ್ಲ."

ಅಜ್ಜ ತಮ್ಮ ಕಿಟಕಿಯ ಮೂರು ಗೀಟುಗಳನ್ನು ಬೆರಳಿಟ್ಟು ಎಣಿಸುತ್ತಾರೆ. "ಎಷ್ಟು ದಿನ ಆಗುತ್ತಮ್ಮಾ?"

"ಮೂರು ವಾರ. ಹಾಸಿಗೆ ಬಿಸಿಲಿಗೆ ಹಾಕಿಟ್ಕೊಳ್ಳಿ."

ಜೋಡಿಸಲು ಬರುವವರು ಬೇರೆ. ತಾವು ಅಳೆದ ಕಿಟಕಿ ಗೋಡೆಯಲ್ಲಿ ಕೂತದ್ದನ್ನು ಅಳತೆಯಕ್ಕ ನೋಡುವುದೇ ಇಲ್ಲ. ಕೂರದಿದ್ದರೆ ಮಾತ್ರ ಇವರಿಗೆ ಕರೆ. ಅಂಥ ಕರೆ ಬಂದು ಏಳು ವರ್ಷವಾಯಿತು ಎನ್ನುತ್ತಾರೆ. ಅಂಗಡಿಯಲ್ಲೂ ವಿಚಾರಿಸಿದೆ, ಏಳೇ.

ಟೇಪು ಸುತ್ತಿ ಚೀಲಕ್ಕೆ ಹಾಕುತ್ತಾ ಅವರು ಹೇಳುತ್ತಾರೆ: "ಮೂರು ವಾರ ಆದ್ಮೇಲೆ ಇಲ್ಲಿಂದ ನನಗೆ ಫೋನ್ ಬರಬಾರದು. ಬರಲಿಲ್ಲ ಅಂದ್ರೆ, ಅಜ್ಜ ಒಳಗೆ ಮಲಗಿದ್ದಾರೆ ಅಂತ."